ಸ್ಕ್ಯಾನಿಂಗ್ ಸರಿಯಾಗಿದೆ, ಗಲ್ಲಾ ಲೆಕ್ಕ ಯಾಕೆ ತಪ್ಪುತ್ತೆ?

ಆಸ್ಪತ್ರೆಯಿಂದ ಬಂದು ನಾಲ್ಕು ತಿಂಗಳಾಯಿತು. ತಲೆಯ ಹೊಲಿಗೆ ಒಣಗಿ ಕೂದಲು ಬಂದಿದೆ. ನಡಿಗೆ ನೆಟ್ಟಗಿದೆ. ಊಟ ಸೇರುತ್ತೆ. ಗಿರಾಕಿ ಬಂದರೆ "ಬನ್ನಿ ಅಣ್ಣ, ಏನು ಬೇಕಿತ್ತು?" ಎಂದು ಕೇಳುವ ರೀತಿಯೂ ಮೊದಲಿನ ಹಾಗೇ ಇದೆ. ಆದರೆ ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ಗಲ್ಲಾಪೆಟ್ಟಿಗೆ ಎಣಿಸಿದರೆ ಲೆಕ್ಕ ಕೂಡುವುದಿಲ್ಲ. ಒಂದು ದಿನ 200 ರೂಪಾಯಿ ಕಮ್ಮಿ, ಇನ್ನೊಂದು ದಿನ 800. ತೊಗರಿಬೇಳೆ ಕೇಳಿದವರಿಗೆ ಕಡ್ಲೆಬೇಳೆ ಪೊಟ್ಟಣ ಕಟ್ಟಿಕೊಡುತ್ತಾರೆ. ಇಬ್ಬರು ಗಿರಾಕಿ ಒಟ್ಟಿಗೆ ಬಂದರೆ ಕೈಕಾಲು ಆಡುವುದಿಲ್ಲ. ಮೂರನೆಯವರು ಬಂದರೆ ರೇಗಾಟ. ಸಾಲದ ಪುಸ್ತಕದಲ್ಲಿ ತೀರಿಸಿದವರ ಹೆಸರಿಗೆ ಬಾಕಿ, ತೀರಿಸದವರ ಹೆಸರಿಗೆ ಗೀಟು.

ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ ಅವರು ಸ್ಕ್ಯಾನಿಂಗ್ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, "ಎಲ್ಲಾ ಸರಿಯಾಗಿದೆಯಲ್ಲಮ್ಮ" ಅನ್ನುತ್ತಾರೆ. 

"ಸರಿಯಾಗಿದ್ರೆ ಹಿಂಗ್ಯಾಕೆ ಆಡ್ತಾರೆ ಡಾಕ್ಟ್ರೇ? ಇವರು ನಮ್ಮೆಜಮಾನ್ರೇ ಅಲ್ಲ ಅನ್ನಿಸ್ತದೆ" ಅಂತ ಹೆಂಡತಿಯ ಗೋಳು.

ಪಕ್ಕದ ಅಂಗಡಿಯವರ ತೀರ್ಮಾನ ಬೇರೆ: "ಇನ್ಶೂರೆನ್ಸ್ ದುಡ್ಡು ಬರೋತನಕ ಹಿಂಗೇ ಇರ್ತಾರೆ ಬಿಡಿ." ಅತ್ತೆಯದು ಮತ್ತೊಂದು: ಬಿದ್ದ ಜಾಗದಲ್ಲಿ ಏನೋ ಮೆಟ್ಟಿಕೊಂಡಿದೆ, ತಡೆ ಒಡೆಸಬೇಕು.

ಈ ಸಾಹುಕಾರರು ಯಾರು ಎಂದು ಕೇಳಬೇಡಿ. ತಲೆಗೆ ಪೆಟ್ಟು ಬಿದ್ದ ಮನೆಗಳಲ್ಲಿ ಕಾಣುವ ಸಂಗತಿಗಳನ್ನೆಲ್ಲ ಒಟ್ಟುಮಾಡಿ ಒಬ್ಬ ಮನುಷ್ಯನ ಮೇಲೆ ಹೊರಿಸಿದ್ದು ಇದು. ಮಂಡಿಪೇಟೆಯಲ್ಲಿರಬಹುದು, ಗುಬ್ಬಿಯಲ್ಲಿರಬಹುದು, ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವವರೂ ಆಗಿರಬಹುದು. ಹೆದ್ದಾರಿ ಸೀಳಿಕೊಂಡು ಹೋಗುವ ಜಿಲ್ಲೆ ತುಮಕೂರು. ಸ್ಕೂಟರಿನಿಂದಲೋ ಬೈಕಿನಿಂದಲೋ ಬಿದ್ದವರು ಯಾವ ಬೀದಿಯಲ್ಲಿಲ್ಲ? (ಹೆಲ್ಮೆಟ್ಟು ಇತ್ತು. ಪೆಟ್ರೋಲ್ ಟ್ಯಾಂಕಿನ ಮೇಲೆ.) 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ, ಗಾಯಗೊಂಡವರು 4,43,366 ಎಂದು ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕ. ಗಾಯಗೊಂಡು ಬದುಕಿದವರಲ್ಲಿ ಎಷ್ಟು ಮಂದಿ ಮನೆಗೆ ಬಂದು ಬೇಳೆ ಅದಲುಬದಲು ಮಾಡಿದರು ಎಂಬುದು ಆ ಲೆಕ್ಕದಲ್ಲಿ ಬರುವುದಿಲ್ಲ.

ಹಾಗಾದರೆ ಡಾಕ್ಟರು ಸುಳ್ಳು ಹೇಳಿದರೆ? ಇಲ್ಲ. ಸಿ.ಟಿ. ಸ್ಕ್ಯಾನ್ ಇರುವುದೇ ಬೇರೆ ಕೆಲಸಕ್ಕೆ. ತಲೆಬುರುಡೆ ಸೀಳಿದೆಯೇ, ಒಳಗೆ ರಕ್ತ ಹೆಪ್ಪುಗಟ್ಟಿದೆಯೇ, ಊತ ಬಂದಿದೆಯೇ, ಈಗಿಂದೀಗಲೇ ಆಪರೇಷನ್ ಬೇಕೇ ಎಂಬುದನ್ನು ಅದು ನಿಮಿಷಗಳಲ್ಲಿ ಹೇಳುತ್ತದೆ. ಎಷ್ಟೋ ಜೀವ ಉಳಿಸಿದೆ. ಆದರೆ ಮೆದುಳಿನ ಒಂದು ಭಾಗದಿಂದ ಇನ್ನೊಂದಕ್ಕೆ ಹೋಗುವ ಕೂದಲಿಗಿಂತ ಸಣ್ಣ ಎಳೆಗಳು ಜಗ್ಗಿ ಹರಿದಿದ್ದರೆ ಅದು ಆ ಫಿಲ್ಮಿನಲ್ಲಿ ಬಹಳ ಸಲ ಕಾಣುವುದೇ ಇಲ್ಲ. ಎಂ.ಆರ್.ಐ.ನಲ್ಲಿ ಇನ್ನೂ ಸ್ವಲ್ಪ ಕಾಣುತ್ತದೆ. ಅದೂ ಹಾನಿ ಎಲ್ಲಿದೆ ಅಂತ ತೋರಿಸೀತೇ ಹೊರತು, ಮನುಷ್ಯ ಅಂಗಡಿ ನಡೆಸಬಲ್ಲನೇ ಅಂತ ಹೇಳಲಾರದು.

ಇನ್ನು ಡಿಸ್‌ಚಾರ್ಜ್ ಚೀಟಿ. ಅದರಲ್ಲಿ "ಜಿ.ಸಿ.ಎಸ್. 15/15" ಎಂದು ಬರೆದಿರುತ್ತದೆ. ಹದಿನೈದಕ್ಕೆ ಹದಿನೈದು, ಅಂದರೆ ರ‍್ಯಾಂಕು ಬಂದ ಹಾಗೆ ಎಂದುಕೊಂಡು ಮನೆಯವರು ಖುಷಿಯಾಗುತ್ತಾರೆ. ಇದು 1974ರಲ್ಲಿ ಸ್ಕಾಟ್‌ಲೆಂಡಿನ ಗ್ಲಾಸ್ಗೋದಲ್ಲಿ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ವೈದ್ಯರು ಮಾಡಿದ ಅಳತೆ. ಕಣ್ಣು ಬಿಡುತ್ತಾನಾ, ಮಾತಾಡುತ್ತಾನಾ, ಹೇಳಿದಂತೆ ಕೈಕಾಲು ಆಡಿಸುತ್ತಾನಾ, ಇಷ್ಟೇ. ಕನಿಷ್ಠ 3, ಪೂರ್ತಿ 15. ಅದು ಪ್ರಜ್ಞೆಯ ಮಾರ್ಕು. ಬುದ್ಧಿಯದಲ್ಲ, ನೆನಪಿನದಲ್ಲ, ತಾಳ್ಮೆಯದಂತೂ ಅಲ್ಲವೇ ಅಲ್ಲ.

ಪೆಟ್ಟು ಎಲ್ಲಿ ಬಿದ್ದರೂ ಮೆದುಳಿನ ಮುಂಭಾಗ ಮತ್ತು ಕಿವಿಯ ಪಕ್ಕದ ಭಾಗಗಳು ಹೆಚ್ಚಾಗಿ ಜಖಂ ಆಗುವುದಕ್ಕೆ ಕಾರಣವಿದೆ. ಕಣ್ಣಿನ ಗೂಡಿನ ಮೇಲೆ, ತಲೆಬುರುಡೆಯ ಒಳತಳ ನಯವಾಗಿಲ್ಲ, ಮೂಳೆ ಏಣುಏಣಾಗಿದೆ. ಮೆದುಳು ಮೆತ್ತಗಿನ ವಸ್ತು. ಗಾಡಿ ಗಕ್ಕನೆ ನಿಂತಾಗ ಬಸ್ಸಿನಲ್ಲಿ ನಿಂತವರೆಲ್ಲ ಮುಂದಕ್ಕೆ ಮುಗ್ಗರಿಸುವುದಿಲ್ಲವೇ, ಹಾಗೆ ಅದು ಹೋಗಿ ಆ ಏಣುಗಳಿಗೆ ಉಜ್ಜಿಕೊಳ್ಳುತ್ತದೆ. ಮುಂಭಾಗದ ಕೆಲಸವೇನು? ಇದನ್ನು ಮೊದಲು, ಅದನ್ನು ಆಮೇಲೆ ಎಂದು ಯೋಚಿಸುವುದು, ಕೋಪ ಬಂದಾಗ ನಾಲಿಗೆ ಹಿಡಿಯುವುದು, ಹಿಡಿದ ಕೆಲಸ ಮುಗಿಸುವುದು. ಕಿವಿಯ ಪಕ್ಕದ ಭಾಗದ್ದು ನೆನಪು. ಅಂಗಡಿ ನಡೆಸಲು ಇನ್ನೇನು ಬೇಕು ಹೇಳಿ!

ಅಲ್ಲೇ ಮೂಗಿನ ಮೇಲೆ ಜರಡಿಯಂಥ ಮೂಳೆಯೊಂದಿದೆ. ವಾಸನೆಯ ನರದ ಎಳೆಗಳು ಆ ತೂತುಗಳಲ್ಲಿ ಹಾಯುತ್ತವೆ. ಮೆದುಳು ಜಗ್ಗಿದಾಗ ಅವು ಕತ್ತರಿಸಿ ಹೋಗುವುದುಂಟು. ಆಮೇಲೆ ಇಂಗೂ ಒಂದೇ, ಕಾಫಿಪುಡಿಯೂ ಒಂದೇ. ಸಾರಿಗೆ ರುಚಿಯೇ ಇಲ್ಲ ಎಂದು ಮನೆಯಲ್ಲಿ ಜಗಳ ಆಗುತ್ತದೆಯೇ ಹೊರತು, ಮೂಗು ಹೋಗಿದೆ ಎಂದು ಯಾರಿಗೂ ಹೊಳೆಯುವುದಿಲ್ಲ.

ಕಬ್ಬಿಣದ ಸಲಾಕೆಯ ಕಥೆ

ದೇಹ ಗುಣವಾಗಿ ಮನುಷ್ಯ ಬದಲಾಗುವುದು ಹೊಸದಲ್ಲ. ವೈದ್ಯಶಾಸ್ತ್ರದ ಪುಸ್ತಕಗಳಲ್ಲೆಲ್ಲ ಬರುವ ಹಳೆಯ ಕೇಸು ಅಮೆರಿಕದ್ದು. 1848ರ ಸೆಪ್ಟೆಂಬರ್ 13ರಂದು ವರ್ಮಾಂಟ್ ರಾಜ್ಯದ ಕ್ಯಾವೆಂಡಿಶ್ ಎಂಬ ಊರಿನ ಬಳಿ ರೈಲುದಾರಿಗೆ ಬಂಡೆ ಸಿಡಿಸುತ್ತಿದ್ದ ಕೂಲಿ ಗುಂಪಿನ ಮೇಸ್ತ್ರಿ ಫಿನಿಯಸ್ ಗೇಜ್, ವಯಸ್ಸು 25. ಮದ್ದು ತಟ್ಟುವಾಗ ಸಿಡಿದು, ಮೂರೂವರೆ ಅಡಿಗಿಂತ ಉದ್ದದ ಕಬ್ಬಿಣದ ಸಲಾಕೆ ಎಡಗೆನ್ನೆಯ ಕೆಳಗೆ ಹೊಕ್ಕು ನೆತ್ತಿಯಲ್ಲಿ ಹೊರಬಂತು. ತೂಕ ಸುಮಾರು 6 ಕಿಲೋ. ಆಸಾಮಿ ಕೆಲವೇ ನಿಮಿಷದಲ್ಲಿ ಮಾತಾಡಿದ. ಎತ್ತಿನ ಗಾಡಿಯಲ್ಲಿ ಕೂತುಕೊಂಡೇ ಊರಿಗೆ ಬಂದ! ಜಾನ್ ಹಾರ್ಲೋ ಎಂಬ ಡಾಕ್ಟರು ನೋಡಿಕೊಂಡರು. ಗಾಯ ವಾಸಿಯಾಯಿತು. ಎಡಗಣ್ಣಿನ ದೃಷ್ಟಿ ಹೋಯಿತು, ಅಷ್ಟೇ.

ಅಷ್ಟೇ ಆಗಿದ್ದರೆ ಯಾರೂ ನೆನೆಸಿಕೊಳ್ಳುತ್ತಿರಲಿಲ್ಲ. ಮೊದಲು ಅವನಷ್ಟು ಚುರುಕು ಮೇಸ್ತ್ರಿ ಇಲ್ಲ ಎನ್ನುತ್ತಿದ್ದ ಕಂಪನಿಯವರು ವಾಪಸು ಕೆಲಸ ಕೊಡಲಿಲ್ಲ. ಬಾಯಿಗೆ ಬಂದಂತೆ ಬೈಯುತ್ತಾನೆ, ಒಂದು ನಿರ್ಧಾರಕ್ಕೆ ನಿಲ್ಲುವುದಿಲ್ಲ, ಹತ್ತು ಯೋಜನೆ ಹಾಕಿ ಹತ್ತನ್ನೂ ಬಿಡುತ್ತಾನೆ. ಹಳೆಯ ಸ್ನೇಹಿತರಿಗೆ ಅವನು ಬೇರೆಯೇ ಮನುಷ್ಯನಾಗಿ ಕಂಡ. ಈ ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಅದೇ ಗೇಜ್ ಆಮೇಲೆ ದಕ್ಷಿಣ ಅಮೆರಿಕದ ಚಿಲಿಗೆ ಹೋಗಿ ವರ್ಷಗಟ್ಟಲೆ ಕುದುರೆ ಸಾರೋಟು ಓಡಿಸಿದ. ದಿನಾ ಅದೇ ದಾರಿ, ಅದೇ ಹೊತ್ತು, ಅದೇ ಕೆಲಸ. ಗೊತ್ತಾದ ಕಟ್ಟುಪಾಡಿನ ಕೆಲಸ ಅವನನ್ನು ಸುಧಾರಿಸಿರಬೇಕು ಎಂದು ಈಚಿನ ಸಂಶೋಧಕರ ಅಭಿಪ್ರಾಯ. 1860ರಲ್ಲಿ ಫಿಟ್ಸ್ ಬಂದು ತೀರಿಕೊಂಡ.

ಅವನಲ್ಲಿ ಏನು ಉಳಿದಿತ್ತು, ಏನು ಹೋಗಿತ್ತು ಎಂದು ಅಳೆಯುವ ಸಾಧನ ಆಗ ಇರಲಿಲ್ಲ. ಎರಡು ಮಹಾಯುದ್ಧಗಳಲ್ಲಿ ತಲೆಗೆ ಗುಂಡು ಬಿದ್ದು ಬದುಕಿದ ಸಿಪಾಯಿಗಳು ರಾಶಿ ರಾಶಿ ಬಂದಾಗ ಜರ್ಮನಿಯ ಗೋಲ್ಡ್‌ಸ್ಟೈನ್, ರಷ್ಯಾದ ಲೂರಿಯಾ ಮುಂತಾದವರು ಕೂತು ಒಂದೊಂದು ಶಕ್ತಿಯನ್ನೂ ಬೇರೆ ಬೇರೆಯಾಗಿ ನೋಡಲು ಕಲಿತರು. ಅಮೆರಿಕದ ಸೈನ್ಯ, ಸ್ವಿಟ್ಜರ್‌ಲೆಂಡಿನ ಆಂದ್ರೆ ರೇ ಎಂಬ ಮನಶ್ಶಾಸ್ತ್ರಜ್ಞ, ಹೀಗೆ ಒಬ್ಬೊಬ್ಬರು ಒಂದೊಂದು ಪರೀಕ್ಷೆ ಸೇರಿಸಿದರು. ಅದೇ ಈಗಿನ ನರಮನೋವೈಜ್ಞಾನಿಕ ಪರೀಕ್ಷೆ. ಹೆಸರು ಬಾಯಿ ತುಂಬ. ಆಸ್ಪತ್ರೆ ಕಾರಿಡಾರಿನಲ್ಲಿ "ನ್ಯೂರೋ ಸೈಕಾಲಜಿ ಟೆಸ್ಟ್" ಎಂದರೆ ತಿಳಿಯುತ್ತದೆ.

"ನನಗೇನು ಹುಚ್ಚಾ?"

ನಮ್ಮ ರಾಜ್ಯದಲ್ಲಿ ಇದಕ್ಕೆ ಹೆಸರಾದ ಜಾಗ ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್. ಇಲ್ಲಿ ಒಂದು ತೊಡಕು. ಆ ಹೆಸರು ಎತ್ತಿದರೆ ಸಾಹುಕಾರರು ಸಿಡಿದೇಳುತ್ತಾರೆ: "ಹುಚ್ಚಾಸ್ಪತ್ರೆಗೆ ಕರ್ಕೊಂಡು ಹೋಗ್ತೀಯಾ? ನನಗೇನು ಹುಚ್ಚಾ?" ಹಳೆಯ ತಲೆಮಾರಿನ ಬಾಯಲ್ಲಿ ಆ ಮಾತು ಇನ್ನೂ ಹೋಗಿಲ್ಲ. ಅಲ್ಲಿ ಹಿಂದೆ ಸರ್ಕಾರದ ಮಾನಸಿಕ ಆಸ್ಪತ್ರೆ ಇದ್ದದ್ದು ನಿಜ. ಅದೂ, 1954ರಲ್ಲಿ ಶುರುವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು. ಹೆಸರಿನಲ್ಲೇ "ನರವಿಜ್ಞಾನ" ಇದೆ. ತಲೆಗೆ ಪೆಟ್ಟಾದವರು, ಪಾರ್ಶ್ವವಾಯು ಹೊಡೆದವರು, ಫಿಟ್ಸ್ ಇರುವವರು ಅಲ್ಲಿಗೆ ಹೋಗುವುದು ಮೆದುಳಿಗೆ, ಹುಚ್ಚಿಗಲ್ಲ.

ಸರಿ, ಒಳಗೆ ಏನು ಮಾಡುತ್ತಾರೆ? ಸೂಜಿ ಇಲ್ಲ, ಕರೆಂಟು ಇಲ್ಲ, ತಲೆಗೆ ತಂತಿ ಇಲ್ಲ. ಒಂದು ಮೇಜು, ಎರಡು ಕುರ್ಚಿ, ಕಾಗದ, ಪೆನ್ಸಿಲು, ಒಂದಿಷ್ಟು ಕಾರ್ಡು, ಒಂದು ಸ್ಟಾಪ್‌ವಾಚು. ಎದುರಿಗೆ ಕ್ಲಿನಿಕಲ್ ಸೈಕಾಲಜಿಸ್ಟ್.

ಮೊದಲು ಮಾತು. ಎಲ್ಲಿಯವರೆಗೆ ಓದಿದ್ದೀರಿ, ಏನು ಕೆಲಸ, ಬಿದ್ದದ್ದಕ್ಕೆ ಮುಂಚಿನ ಕೊನೆಯ ನೆನಪು ಯಾವುದು, ಆಮೇಲಿನ ಮೊದಲ ನೆನಪು ಯಾವುದು. ಈ ಕೊನೆಯ ಪ್ರಶ್ನೆ ಕಾಡುಹರಟೆಯಲ್ಲ. ಬಿದ್ದ ಮೇಲೆ ಎಷ್ಟು ದಿನ ಮಂಪರಿನಲ್ಲಿ, ಹೊಸ ನೆನಪು ನಿಲ್ಲದೆ ಕಳೆದವು ಎಂಬುದು ಪೆಟ್ಟಿನ ಆಳದ ಒಳ್ಳೆಯ ಗುರುತು. ಒಂದು ವಾರಕ್ಕೂ ಮೀರಿದ್ದರೆ ಪೆಟ್ಟು ಜೋರಾಗಿದೆ ಎಂದೇ ಅರ್ಥ.

ಆಮೇಲೆ ಮನೆಯವರನ್ನು ಬೇರೆಯಾಗಿ ಕೂರಿಸಿ ಕೇಳುತ್ತಾರೆ. ಇದು ಬಹಳ ಮುಖ್ಯ. ಮೆದುಳಿನ ಮುಂಭಾಗಕ್ಕೆ ಪೆಟ್ಟು ಬಿದ್ದವರಿಗೆ ತಮಗೆ ಏನಾಗಿದೆ ಎಂಬುದೇ ಎಷ್ಟೋ ಸಲ ತಿಳಿಯುವುದಿಲ್ಲ. ಸಾಹುಕಾರರನ್ನು ಕೇಳಿದರೆ "ನಾನು ಆರಾಮಾಗಿದ್ದೀನಿ, ಇವಳೇ ಸುಮ್ನೆ ಗಾಬರಿ ಬೀಳ್ತಾಳೆ" ಅನ್ನುತ್ತಾರೆ. ಅದು ಸುಳ್ಳಲ್ಲ, ಹಟವೂ ಅಲ್ಲ. ನೋಡಬೇಕಾದ ಕಣ್ಣಿಗೇ ಪೆಟ್ಟು ಬಿದ್ದಿದೆ.

ಆಮೇಲೆ ಪರೀಕ್ಷೆ. ಹದಿನೈದು ಪದ ಓದಿ ಹೇಳುತ್ತಾರೆ, ನೆನಪಿದ್ದಷ್ಟು ಒಪ್ಪಿಸಬೇಕು. ಅದೇ ಪಟ್ಟಿ ಐದು ಸಲ. ನಡುವೆ ಬೇರೊಂದು ಪಟ್ಟಿ ತಂದು ಗೊಂದಲ ಮಾಡುತ್ತಾರೆ. ಅರ್ಧ ಗಂಟೆಯಷ್ಟು ಬಿಟ್ಟು, ಬೇರೆ ಕೆಲಸದಲ್ಲಿ ಮುಳುಗಿದ್ದಾಗ, "ಆ ಮೊದಲನೇ ಪಟ್ಟಿ ಹೇಳಿ ನೋಡೋಣ." ಪದಗಳು ಯಾವುವು ಎಂದು ಇಲ್ಲಿ ಅಚ್ಚು ಹಾಕುವುದು ಬೇಡ, ಬಾಯಿಪಾಠ ಮಾಡಿಕೊಂಡು ಹೋದರೆ ಪರೀಕ್ಷೆಯೇ ಕೆಟ್ಟಿತು. ಇದರಲ್ಲಿ ತಿಳಿಯುವುದೇನು? ಐದು ಸಲ ಹೇಳಿದರೂ ಏರಿಕೆ ಇಲ್ಲದಿದ್ದರೆ ಸರಕು ಗೋದಾಮಿಗೇ ಇಳಿಯುತ್ತಿಲ್ಲ. ಐದನೇ ಸಲ ಚೆನ್ನಾಗಿ ಹೇಳಿ ಅರ್ಧ ಗಂಟೆಯಲ್ಲಿ ಸೊನ್ನೆಯಾದರೆ ಗೋದಾಮು ಸೋರುತ್ತಿದೆ. ಹೇಳಲು ಬಾರದಿದ್ದರೂ "ಈ ಪದ ಇತ್ತೇ?" ಎಂದಾಗ ಸರಿಯಾಗಿ ಗುರುತಿಸಿದರೆ ಸರಕು ಒಳಗೇ ಇದೆ, ಹುಡುಕಿ ತೆಗೆಯುವ ಆಳು ಸರಿಯಿಲ್ಲ. ಮನೆಯವರ ಬಾಯಲ್ಲಿ ಮೂರಕ್ಕೂ ಒಂದೇ ಹೆಸರು, ಮರೆವು. ಉಪಾಯ ಮಾತ್ರ ಮೂರಕ್ಕೂ ಬೇರೆ ಬೇರೆ.

ಇನ್ನೊಂದು ಹಾಳೆಯಲ್ಲಿ 1ರಿಂದ 25ರವರೆಗೆ ಸಂಖ್ಯೆ, ಗುಲಾಬಿ ಮತ್ತು ಹಳದಿ ವೃತ್ತಗಳಲ್ಲಿ ಚೆಲ್ಲಾಪಿಲ್ಲಿ. ಒಂದು ಬಿಟ್ಟು ಒಂದು ಬಣ್ಣದಂತೆ ಕ್ರಮವಾಗಿ ಗೆರೆ ಎಳೆಯಬೇಕು. ಇದರ ಹಳೆಯ ರೂಪದಲ್ಲಿ ಇಂಗ್ಲಿಷ್ ಅಕ್ಷರಗಳಿದ್ದವು, ಎ.ಬಿ.ಸಿ. ಬಾರದವರಿಗೆ ಅನ್ಯಾಯ ಆಗಬಾರದೆಂದೇ ಬಣ್ಣ ಬಂತು. ಎರಡು ಗಿರಾಕಿಯನ್ನು ಒಟ್ಟಿಗೆ ನಿಭಾಯಿಸುವ ಶಕ್ತಿ ಈ ಹಾಳೆಯಲ್ಲಿ ಹೊರಬೀಳುತ್ತದೆ. "ಕ" ಅಕ್ಷರದಿಂದ ಶುರುವಾಗುವ ಪದ ಒಂದು ನಿಮಿಷದಲ್ಲಿ ಎಷ್ಟು ಹೇಳುತ್ತೀರಿ? ಹೆಸರುಗಳು ಲೆಕ್ಕಕ್ಕಿಲ್ಲ. ಹಾದಿಯಲ್ಲಿ ಹೋಗುವವರಿಗೆ ಇದು ಮಕ್ಕಳಾಟ. ಪೆಟ್ಟು ಬಿದ್ದವರು "ಕಾಗೆ, ಕಲ್ಲು, ಕಾಗೆ..." ಎಂದು ನಿಂತುಬಿಡುವುದುಂಟು.

ಎಲ್ಲಕ್ಕಿಂತ ಮಜಾ ಇರುವುದು ಕಾರ್ಡು ವಿಂಗಡಿಸುವ ಪರೀಕ್ಷೆ. 1948ರಿಂದ ಅಮೆರಿಕದ ವಿಸ್ಕಾನ್ಸಿನ್ ಹೆಸರಿನಲ್ಲಿ ಬಳಕೆಯಲ್ಲಿದೆ. ಬಣ್ಣದ ಮೇಲೆ ಹೊಂದಿಸಬೇಕೋ, ಆಕಾರದ ಮೇಲೋ, ಸಂಖ್ಯೆಯ ಮೇಲೋ ಎಂದು ಹೇಳಿಕೊಡುವುದಿಲ್ಲ. "ಸರಿ", "ತಪ್ಪು" ಇಷ್ಟೇ ಮಾತು. ಹತ್ತು ಸಲ ಸರಿಯಾದ ಮೇಲೆ ಪರೀಕ್ಷಕರು ಗುಟ್ಟಾಗಿ ನಿಯಮ ಬದಲಿಸುತ್ತಾರೆ. ಸರಿ ಇರುವವರು ಒಂದೆರಡು ತಪ್ಪಿನಲ್ಲೇ "ಓಹೋ, ಆಟ ಬದಲಾಯ್ತು" ಎಂದು ಹೊಸ ದಾರಿ ಹುಡುಕುತ್ತಾರೆ. ಮುಂಭಾಗಕ್ಕೆ ಪೆಟ್ಟಾದವರು "ತಪ್ಪು, ತಪ್ಪು" ಎನ್ನುತ್ತಿದ್ದರೂ ಹಳೆಯ ನಿಯಮಕ್ಕೇ ಜೋತುಬೀಳುತ್ತಾರೆ. ಮನೆಯಲ್ಲಿ ಇದನ್ನೇ "ಹೇಳಿದ ಮಾತು ಕೇಳಲ್ಲ, ಮೊಂಡ" ಎಂದು ಬೈಯುವುದು.

ಇಂಥವು ಹಲವಾರು. ಪೂರ್ತಿ ಮುಗಿಯಲು ಹಲವು ಗಂಟೆ ಬೇಕು, ಕೆಲವರಿಗೆ ಎರಡು ದಿನ.

ಏಳನೇ ಕ್ಲಾಸಿನವರಿಗೆ ಎಂ.ಎ. ತಕ್ಕಡಿ ಬೇಡ

ಪರೀಕ್ಷೆ ಆಯಿತು, ಅಂಕ ಬಂತು. ಹದಿನೈದರಲ್ಲಿ ಏಳು ಪದ. ಕಮ್ಮಿಯೋ, ಜಾಸ್ತಿಯೋ? ಯಾರಿಗೆ ಹೋಲಿಸಿ ಎಂಬುದರ ಮೇಲೆ ಎಲ್ಲ ನಿಂತಿದೆ. ವಿಲಾಯಿತಿಯ ಕಾಲೇಜು ಹುಡುಗರಿಗೆ ಹೋಲಿಸಿದರೆ ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ತಕ್ಕಡಿ ಹಿಡಿದ 52ರ ವಯಸ್ಸಿನವರು ಪೆಟ್ಟು ಬೀಳುವುದಕ್ಕೆ ಮುಂಚೆಯೂ ಹಿಂದೆಯೇ ಇರುತ್ತಿದ್ದರು. ಈ ಕಾರಣಕ್ಕೇ ನಿಮ್ಹಾನ್ಸ್‌ನವರು 2004ರಲ್ಲಿ ತಮ್ಮದೇ ಪರೀಕ್ಷಾಮಾಲೆ ಹೊರತಂದರು. ಶೋಭಿನಿ ರಾವ್, ಸುಬ್ಬಕೃಷ್ಣ, ಗೋಪುಕುಮಾರ್ ಮಾಡಿದ ಕೆಲಸ. ವಯಸ್ಸು, ಗಂಡೋ ಹೆಣ್ಣೋ, ಓದೇ ಇಲ್ಲದವರು, ಶಾಲೆ ಓದಿದವರು, ಕಾಲೇಜು ಓದಿದವರು, ಹೀಗೆ ಬೇರೆ ಬೇರೆ ಕೋಷ್ಟಕ. ಅವರವರ ಓರಗೆಯ ಆರೋಗ್ಯವಂತ ನೂರು ಜನರನ್ನು ಸಾಲಾಗಿ ನಿಲ್ಲಿಸಿದರೆ ಕೊನೆಯ ಹದಿನೈದರೊಳಗೆ ಬಿದ್ದವರಿಗೆ ಆ ವಿಷಯದಲ್ಲಿ ಕೊರತೆ ಇದೆ ಎಂದು ಲೆಕ್ಕ.

ಆದ್ದರಿಂದ ಕೇಳಿಕೊಳ್ಳಬೇಕಾದ ಮಾತು ಎರಡು. ಪರೀಕ್ಷೆ ಕನ್ನಡದಲ್ಲಿ, ಅಥವಾ ಮನೆಮಾತು ಉರ್ದುವೋ ತೆಲುಗೋ ಆದರೆ ಅವರಿಗೆ ಚೆನ್ನಾಗಿ ಬರುವ ಭಾಷೆಯಲ್ಲಿ ಆಗುತ್ತದೆಯೇ? ಮಾಡುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್.ಸಿ.ಐ.ನಲ್ಲಿ, ನೋಂದಣಿ ಆದ ಕ್ಲಿನಿಕಲ್ ಸೈಕಾಲಜಿಸ್ಟೇ? ಹತ್ತು ನಿಮಿಷದಲ್ಲಿ "ಇವತ್ತು ಯಾವ ವಾರ, ನೂರರಲ್ಲಿ ಏಳು ಕಳೆಯಿರಿ" ಎಂದು ಕೇಳಿ ಕಳಿಸುವುದು ಈ ಪರೀಕ್ಷೆ ಅಲ್ಲ. ಅಂಗಡಿಯವರು ನೂರರಲ್ಲಿ ಏಳನ್ನು ನಿದ್ದೆಯಲ್ಲೂ ಕಳೆಯುತ್ತಾರೆ!

ಇಷ್ಟಾದರೂ ಈ ಪರೀಕ್ಷೆ ದೇವರ ಪ್ರಸಾದವೇನಲ್ಲ. 1991ರಲ್ಲಿ ಇಂಗ್ಲೆಂಡಿನ ಶಾಲಿಸ್ ಮತ್ತು ಬರ್ಜೆಸ್ ಎಂಬ ಇಬ್ಬರು ತಲೆಪೆಟ್ಟಿನ ಮೂವರು ರೋಗಿಗಳ ವಿಚಾರ ಪ್ರಕಟಿಸಿದರು. ಬುದ್ಧಿ ಪರೀಕ್ಷೆಯಲ್ಲಿ ಮೂವರೂ ಗಟ್ಟಿ. ಅವರನ್ನು ಅಂಗಡಿ ಬೀದಿಗೆ ಕಳಿಸಿ ಒಂದಿಷ್ಟು ಸಾಮಾನು ತನ್ನಿ, ಹೊತ್ತಿಗೆ ಸರಿಯಾಗಿ ಇಂಥ ಕಡೆ ಬನ್ನಿ, ಇಂತಿಂಥ ನಿಯಮ ಮೀರಬೇಡಿ ಎಂದರೆ ಎಲ್ಲ ಅಸ್ತವ್ಯಸ್ತ. ಗದ್ದಲವಿಲ್ಲದ ಕೋಣೆಯಲ್ಲಿ, ಒಬ್ಬರೇ ಎದುರು ಕೂತಾಗ ಸರಿ, ಸಂತೆಯಲ್ಲಿ ತಪ್ಪು. ಅದಕ್ಕೇ ಒಳ್ಳೆಯ ಸೈಕಾಲಜಿಸ್ಟರು ಅಂಕದ ಜೊತೆಗೆ ಹೆಂಡತಿ ಹೇಳಿದ ಗಲ್ಲಾಪೆಟ್ಟಿಗೆ ಕಥೆಯನ್ನೂ ವರದಿಯಲ್ಲಿ ಬರೆಯುತ್ತಾರೆ. ಬರೆಯದಿದ್ದರೆ ಕೇಳಿ ಬರೆಸಿಕೊಳ್ಳಬೇಕು.

ನಾಟಕ ಆಡಿದರೆ?

ಪಕ್ಕದ ಅಂಗಡಿಯವರ ಅನುಮಾನಕ್ಕೂ ಉತ್ತರವಿದೆ. ಪರಿಹಾರದ ಆಸೆಗೆ ಮರೆವಿನ ನಾಟಕ ಆಡುವವರು ಇಲ್ಲವೇ? ಇದ್ದಾರೆ. ಅವರನ್ನು ಹಿಡಿಯುವ ಪರೀಕ್ಷೆಗಳೂ ಇವೆ. ಒಂದಿಷ್ಟು ಚಿತ್ರ ತೋರಿಸಿ, ಆಮೇಲೆ ಎರಡೆರಡು ಚಿತ್ರ ಇಟ್ಟು "ಇದರಲ್ಲಿ ನೋಡಿದ್ದು ಯಾವುದು?" ಎಂದು ಕೇಳುತ್ತಾರೆ. ನೋಡಲು ಕಷ್ಟ ಅನ್ನಿಸುತ್ತೆ, ನಿಜವಾಗಿ ಪೆಟ್ಟು ಬಿದ್ದವರೂ ಬಹುಪಾಲು ಸರಿ ಹೇಳುತ್ತಾರೆ. ಏನೂ ನೆನಪಿಲ್ಲದೆ ಕಣ್ಣು ಮುಚ್ಚಿ ಬೆರಳಿಟ್ಟರೂ ನಾಣ್ಯ ಚಿಮ್ಮಿದ ಹಾಗೆ ಅರ್ಧ ಸರಿಯಾಗಬೇಕು. ಅರ್ಧಕ್ಕಿಂತ ತೀರ ಕೆಳಗೆ ಬಿದ್ದರೆ? ಸರಿ ಯಾವುದು ಎಂದು ಗೊತ್ತಿದ್ದೇ ತಪ್ಪು ಹೇಳಿದ್ದಾರೆ ಎಂದಾಯಿತು! ಈ ಪರೀಕ್ಷೆಯಲ್ಲಿ ಪಾಸಾದ ಸಾಹುಕಾರರನ್ನು ನಾಟಕದವರು ಎಂದು ಯಾವ ಇನ್ಶೂರೆನ್ಸ್ ವಕೀಲರೂ ಸುಲಭವಾಗಿ ಹೇಳಲಾರರು.

ಕೋರ್ಟಿನ ಮಾತು ಬಂತಲ್ಲ. 2010ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಅಂಗವೈಕಲ್ಯದ ಶೇಕಡಾವಾರು ಬೇರೆ, ದುಡಿಮೆ ನಷ್ಟದ ಶೇಕಡಾವಾರು ಬೇರೆ ಎಂದು ಬಿಡಿಸಿ ಹೇಳಿತು. ಎಡಗೈ ಕಳೆದುಕೊಂಡ ಬಡಗಿ ಅಥವಾ ಡ್ರೈವರಿನ ದುಡಿಮೆ ಹೆಚ್ಚುಕಡಿಮೆ ಪೂರ್ತಿ ಹೋದಂತೆ; ಅದೇ ಕೈ ಕಳೆದುಕೊಂಡ ಸರ್ಕಾರಿ ಗುಮಾಸ್ತರ ಕೆಲಸ ಉಳಿಯಬಹುದು. ಈ ತರ್ಕವನ್ನು ತಲೆಗೆ ಹಚ್ಚಿ ನೋಡಿ. ಎರಡು ಕೈ, ಎರಡು 
ಕಾಲು ನೆಟ್ಟಗಿದ್ದು ಲೆಕ್ಕ ಮತ್ತು ತಾಳ್ಮೆ ಹೋದ ವ್ಯಾಪಾರಿಗೆ ಉಳಿದದ್ದೇನು? ಆದರೆ ಟ್ರಿಬ್ಯೂನಲ್ಲಿನ ಮುಂದೆ ಅವರು ನಡೆದುಕೊಂಡು ಬಂದು "ನಮಸ್ಕಾರ ಸ್ವಾಮಿ" ಎನ್ನುತ್ತಾರೆ. ಕಣ್ಣಿಗೆ ಕಾಣುವ ಕುಂದಿಲ್ಲ. ಕಾಗದದಲ್ಲಿ ಬರೆದ ಪರೀಕ್ಷೆಯ ವರದಿ ಒಂದೇ ಸಾಕ್ಷಿ. 2020ರಲ್ಲಿ ಅದೇ ಕೋರ್ಟು, 12ನೇ ವಯಸ್ಸಿನಲ್ಲಿ ಅಪಘಾತದಿಂದ ಮೆದುಳಿಗೆ ತೀವ್ರ ಪೆಟ್ಟಾದ ಹುಡುಗಿಯೊಬ್ಬಳಿಗೆ 62.27 ಲಕ್ಷ ರೂಪಾಯಿ ಪರಿಹಾರ ಕೊಟ್ಟಿತು. ಅವಳ ಬುದ್ಧಿಶಕ್ತಿ ಅದೇ ವಯಸ್ಸಿನ ಮಗುವಿನದರ ಶೇಕಡಾ 20ಕ್ಕಿಂತ ಕಡಿಮೆ ಎಂಬ ಪರೀಕ್ಷೆಯ ಮಾತು ಆ ತೀರ್ಪಿನಲ್ಲಿ ದಾಖಲಾಗಿದೆ.

ನೌಕರಿಯವರಿಗೂ ಇದು ಬೇಕು. ಕೆಲಸದಲ್ಲಿದ್ದಾಗ ಅಂಗವೈಕಲ್ಯ ಬಂದವರನ್ನು ಸರ್ಕಾರಿ ಸಂಸ್ಥೆಗಳು ತೆಗೆದುಹಾಕುವಂತಿಲ್ಲ, ಅದೇ ಸಂಬಳದ ಬೇರೆ ಕೆಲಸಕ್ಕೆ ಹಾಕಬೇಕು ಎಂದು 2016ರ ಕಾಯ್ದೆ ಹೇಳುತ್ತದೆ. ಬಸ್ ಡ್ರೈವರು, ಕಂಡಕ್ಟರುಗಳಿಗೆ ಇದು ಅನ್ನದ ಪ್ರಶ್ನೆ. ವಿಪರ್ಯಾಸ ನೋಡಿ: ಆ ಕಾಯ್ದೆಯ 21 ಬಗೆಯ ಪಟ್ಟಿಯಲ್ಲಿ "ತಲೆಪೆಟ್ಟು" ಎಂದು ಪ್ರತ್ಯೇಕ ಹೆಸರಿಲ್ಲ. ಯಾವ ಶಕ್ತಿ ಎಷ್ಟು ಕುಂದಿದೆ ಎಂದು ತೋರಿಸಿಯೇ ಒಳಗೆ ಹೋಗಬೇಕು. ಖಾಸಗಿ ಅಂಗಡಿಯ ಆಳಿಗೆ ಈ ರಕ್ಷಣೆಯೂ ಇಲ್ಲ. ಅವನ ಪಾಡು ಮಾಲೀಕರ ಮನಸ್ಸು.

ಮೊದಲ ಬಸ್ಸು ಹತ್ತಬೇಡಿ

ಯಾವಾಗ ಹೋಗಬೇಕು? ಆಸ್ಪತ್ರೆಯಿಂದ ಬಂದ ಮಾರನೆಯ ದಿನವಲ್ಲ. ಮಂಪರು, ಗೊಂದಲ ಪೂರ್ತಿ ತಿಳಿಯಾಗಿರಬೇಕು. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳ ನಡುವೆ ಪೂರ್ತಿ ಪರೀಕ್ಷೆ, ವರ್ಷದ ಹೊತ್ತಿಗೆ ಇನ್ನೊಂದು. ಮೊದಲ ಆರು ತಿಂಗಳಲ್ಲಿ ಸುಧಾರಣೆ ಜೋರು, ಆಮೇಲೆ ನಿಧಾನ. ಮೇಲಿಂದ ಮೇಲೆ ಮಾಡಿಸಿದರೆ ಪ್ರಶ್ನೆ ಅಭ್ಯಾಸವಾಗಿ ಅಂಕ ಸುಳ್ಳೇ ಏರುತ್ತದೆ.

ತುಮಕೂರಿನವರು ಮಾಡುವ ತಪ್ಪು ಒಂದಿದೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಮೊದಲ ಬಸ್ಸಿನಲ್ಲಿ ನಿಂತು, ಮೆಜೆಸ್ಟಿಕ್ಕಿನಲ್ಲಿ ಸಿಟಿ ಬಸ್ಸು ಹತ್ತಿ, ಚೀಟಿಯ ಸರದಿಯಲ್ಲಿ ನಿಂತು, ಬನ್ನು ಟೀ ಕುಡಿದು ಕೋಣೆಯೊಳಗೆ ಹೋಗುವುದು. ಪೆಟ್ಟು ಬಿದ್ದ ಮೆದುಳು ಬೇಗ ದಣಿಯುತ್ತದೆ. ನಿದ್ದೆಗೆಟ್ಟ ತಲೆಯ ಅಂಕ ಪೆಟ್ಟಿನ ಅಂಕವಲ್ಲ, ಬಸ್ಸಿನ ಅಂಕ! ಮುಂಚೆಯೇ ತಾರೀಕು ಪಡೆದು, ಹಿಂದಿನ ದಿನವೇ ಹೋಗಿ ನೆಂಟರ ಮನೆಯಲ್ಲಿ ಮಲಗುವುದು ಮೇಲು. ಕನ್ನಡಕ ಮರೆಯಬಾರದು. ಡಿಸ್‌ಚಾರ್ಜ್ ಚೀಟಿ, ಸ್ಕ್ಯಾನ್, ನುಂಗುವ ಮಾತ್ರೆಗಳ ಪಟ್ಟಿ ಬೇಕು. ಫಿಟ್ಸ್ ಮಾತ್ರೆ, ನಿದ್ದೆ ಮಾತ್ರೆ ಕೆಲವು ಮಂಕು ಕವಿಸುತ್ತವೆ. ಕುಡಿತವಿದ್ದರೆ ಮುಚ್ಚಿಡಬಾರದು. ಜೊತೆಗೆ ಹೋಗುವವರು ಮೊದಲಿನ ಮನುಷ್ಯನನ್ನು ಬಲ್ಲವರಾಗಿರಬೇಕು. ಹೆಂಡತಿ ಬಿಟ್ಟು ಭಾವಮೈದುನನ್ನು ಕಳಿಸಿದರೆ ಅರ್ಧ ಕಥೆ ಬಸ್ಸಿನಲ್ಲೇ ಉಳಿಯುತ್ತದೆ.

ಇಷ್ಟು ದೂರ ಹೋಗಲೇಬೇಕೇ ಎಂಬುದು ನ್ಯಾಯವಾದ ಪ್ರಶ್ನೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಹುದ್ದೆ ಇರಬೇಕೆಂದು ನಿಯಮವೇ ಇದೆ. 2022ರಲ್ಲಿ ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ ಮೆದುಳಿನ ಆರೋಗ್ಯಕ್ಕೇ ಒಂದು ಯೋಜನೆ ಶುರುಮಾಡಿದವು. ಮೊದಲು ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸುವುದು ಒಳ್ಳೆಯದು. ವಿಚಾರಿಸುವವರು ಹೆಚ್ಚಿದರೆ ಹುದ್ದೆಗೂ ಬೆಲೆ ಬಂದೀತು.

ವರದಿ ಬಂದ ಮೇಲೆ ಏನು? ಬೀರುವಿನಲ್ಲಿ ಇಡುವುದಕ್ಕಲ್ಲ. ಗಮನದ ಕೊರತೆ ಇದ್ದವರಿಗೆ ನಿಮ್ಹಾನ್ಸ್‌ನಲ್ಲಿ ಕೊಡುವ ಮನೆಪಾಠಗಳಲ್ಲಿ ಒಂದು ಕೇಳಿದರೆ ದಿನಸಿ ಅಂಗಡಿಯವರಿಗೆ ನಗು ಬರುತ್ತದೆ. ಬೇರೆ ಬೇರೆ ಕಾಳು ಬೆರೆಸಿ ಇಟ್ಟು, ಹೊತ್ತು ನೋಡಿಕೊಂಡು, ತಪ್ಪಿಲ್ಲದೆ ಬೇರ್ಪಡಿಸುವುದು! ಇನ್ನೊಂದು, ಅಚ್ಚಾದ ಹಾಳೆಯಲ್ಲಿ ಹೇಳಿದ ಅಕ್ಷರವನ್ನು ಮಾತ್ರ ಹುಡುಕಿ ಹೊಡೆದುಹಾಕುವುದು. ದಿನಾ ಸ್ವಲ್ಪ ಸ್ವಲ್ಪ, ಬರಬರುತ್ತಾ ಕಷ್ಟ ಹೆಚ್ಚಿಸುತ್ತಾ. ನೆನಪಿನ ಗೋದಾಮು ಸೋರುವವರಿಗೆ ಬೇರೆ ಉಪಾಯ: ಒಂದೇ ಒಂದು ನೋಟ್‌ಬುಕ್ಕು, ಒಂದೇ ಜಾಗ, ಆದ ಕೂಡಲೇ ಬರೆಯುವುದು.

ಸಾಹುಕಾರರ ಅಂಗಡಿಯನ್ನು ಈ ವರದಿ ಹಿಡಿದು ಮತ್ತೆ ಜೋಡಿಸಬಹುದು. ನೆನಪು ತಕ್ಕಮಟ್ಟಿಗಿದೆ, ಎರಡು ಕೆಲಸ ಒಟ್ಟಿಗೆ ಆಗುವುದಿಲ್ಲ ಎಂದು ಬಂದಿದ್ದರೆ ಅವರು ತಕ್ಕಡಿಗೆ, ಮಗ ಗಲ್ಲಾಕ್ಕೆ. ಸಾಯಂಕಾಲ ಆರರ ಮೇಲಿನ ಗಿರಾಕಿ ನೂಕುನುಗ್ಗಲಿಗೆ ಅವರು ಒಳಮನೆಗೆ. ಬೇಳೆ ಡಬ್ಬಗಳಿಗೆ ದಪ್ಪ ಅಕ್ಷರದ ಚೀಟಿ. ಸಾಲದ ಪುಸ್ತಕ ಹೆಂಡತಿಯ ಕೈಗೆ. ವಸೂಲಿ ಮೊದಲಿಗಿಂತ ಚುರುಕಾದರೆ ಆಶ್ಚರ್ಯಪಡಬೇಕಿಲ್ಲ. ಸ್ಕೂಟರ್ ಕೀಲಿ ಮುಂದಿನ ಪರೀಕ್ಷೆಯವರೆಗೆ ಬೀರುವಿನಲ್ಲಿ. ಮನೆಯ ಗ್ಯಾಸು ಸೋರಿದರೆ ಅವರಿಗೆ ತಿಳಿಯದು, ಅದನ್ನು ಮನೆಮಂದಿಯೆಲ್ಲ ನೆನಪಿಡಬೇಕು. ಕೊಬ್ಬರಿ ಎಣ್ಣೆ ಡಬ್ಬ ಬಿಚ್ಚಿದಾಗ ಕಮಟು ವಾಸನೆ ಬಂದಿದೆಯೇ ಎಂದು ಮೂಸಿ ಹೇಳುವ ಕೆಲಸವೂ ಇನ್ನು ಹೆಂಡತಿಯದೇ.